ಕನ್ಯಾ ರಾಶಿ ಏರುವ ತನಕ

ಜನವರಿಯಲ್ಲಿ ಕನ್ಯಾ ರಾಶಿ ದೂರದರ್ಶಕಕ್ಕೆ ಸಿಗುವಷ್ಟು ಮೇಲೇರುವುದು ರಾತ್ರಿ ಒಂದು ಗಂಟೆ ದಾಟಿದ ಮೇಲೆ. ಅಲ್ಲಿಯವರೆಗೆ ನಮಗೆ ಕೆಲಸವಿರಲಿಲ್ಲ. ನಾನು ಹೇಳಬೇಕೆಂದಿರುವುದು ಆ ಕೆಲಸವಿಲ್ಲದ ಹೊತ್ತಿನ ಮಾತನ್ನೇ.

ಜಾಗ ಖೋಡದ್. ಪುಣೆಯಿಂದ ನಾಸಿಕದ ರಸ್ತೆ ಹಿಡಿದು ಸುಮಾರು 80 ಕಿಲೋಮೀಟರ್ ಹೋದರೆ ನಾರಾಯಣಗಾಂವ್ ಸಿಗುತ್ತದೆ; ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ದ್ರಾಕ್ಷಿ, ಟೊಮ್ಯಾಟೊ, ಈರುಳ್ಳಿ, ಕಬ್ಬಿನ ಹೊಲಗಳು. ಆ ಹೊಲಗಳ ನಡುವೆ 45 ಮೀಟರ್ ಅಗಲದ ಡಿಶ್‌ಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ಒಟ್ಟು 30. ಹದಿನಾಲ್ಕು ಒಂದೇ ಕಡೆ, ಸುಮಾರು ಒಂದು ಕಿಲೋಮೀಟರ್ ಹರವಿನೊಳಗೆ. ಉಳಿದ ಹದಿನಾರು ಮೂರು ದಿಕ್ಕಿಗೆ ಚಾಚಿದ ಮೂರು ತೋಳುಗಳ ಮೇಲೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 25 ಕಿಲೋಮೀಟರ್. ಇದೇ ಜೈಂಟ್ ಮೀಟರ್‌ವೇವ್ ರೇಡಿಯೊ ಟೆಲಿಸ್ಕೋಪ್, ಎಲ್ಲರ ಬಾಯಲ್ಲಿ ಜಿಎಂಆರ್‌ಟಿ. ಊಟಿಯ ಇಳಿಜಾರಿನ ಮೇಲೆ ಅರ್ಧ ಕಿಲೋಮೀಟರ್ ಉದ್ದದ ರೇಡಿಯೊ ದೂರದರ್ಶಕ ಕಟ್ಟಿದ್ದ ಗೋವಿಂದ ಸ್ವರೂಪ್ ಅವರೇ ಇದನ್ನೂ ಕಟ್ಟಿಸಿದವರು. ಡಿಶ್‌ಗೆ ತಗಡು ಹೊದಿಸಿದ್ದರೆ ಹಣವೂ ಸಾಲುತ್ತಿರಲಿಲ್ಲ, ಗಾಳಿಯೂ ಬಿಡುತ್ತಿರಲಿಲ್ಲ. ಹಾಗಾಗಿ ಅರ್ಧ ಮಿಲಿಮೀಟರ್‌ಗಿಂತ ತುಸು ದಪ್ಪದ ಸ್ಟೀಲ್ ತಂತಿಯ ಜಾಲರಿಯನ್ನು ಬಿಗಿದು ಕಟ್ಟಿದ್ದಾರೆ. ಬುಡದಲ್ಲಿ ನಿಂತು ನೋಡಿದರೆ ಡಿಶ್‌ನ ಆಚೆಗೂ ನಕ್ಷತ್ರಗಳು ಕಾಣುತ್ತವೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡದನ್ನು ಕಟ್ಟಿದ್ದನ್ನು ನೋಡಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಆ ದೂರದರ್ಶಕವನ್ನು ಹೊರಗಿನವರಿಗೂ ತೆರೆದು ಆಗ ಹೆಚ್ಚು ಕಾಲವಾಗಿರಲಿಲ್ಲ. ನಾನು ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ ಹೊಸತು. ಜೊತೆಗೆ ನನಗಿಂತ ಮೂರು-ನಾಲ್ಕು ವರ್ಷ ಮುಂದಿದ್ದ ಸೀನಿಯರ್ ಒಬ್ಬರು. ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ನೋಡಬೇಕಿದ್ದದ್ದು ಕನ್ಯಾ ರಾಶಿಯ ಎಂ90 ಎಂಬ ಸುರುಳಿ ಗೆಲಾಕ್ಸಿ. ಅದರ ಬೆಳಕನ್ನಲ್ಲ, ಅದರೊಳಗಿನ ತಣ್ಣನೆಯ ಹೈಡ್ರೋಜನ್ ಅನಿಲವನ್ನು.

ಹೊರಗೆ ಗೇಟಿನಿಂದ ತುಸು ದೂರದ ಬದುವಿನ ಮೇಲೆ ಯಾರೋ ಬೆಂಕಿ ಹಾಕಿದ್ದರು. ಕಬ್ಬಿನ ರವದಿ, ಒಣಗಿದ ತೊಗರಿ ಕಟ್ಟಿಗೆ. ಚಳಿ ಚೆನ್ನಾಗಿತ್ತು, ನಾವೂ ಹೋಗಿ ಕೂತೆವು. ಅಲ್ಲಿದ್ದವರು ಪಕ್ಕದ ಹೊಲದ ರೈತ, ಅರವತ್ತು ದಾಟಿದವರು, ತಲೆಗೆ ಮಫ್ಲರ್ ಸುತ್ತಿಕೊಂಡಿದ್ದರು. ಪಂಪ್‌ಸೆಟ್ಟಿಗೆ ಕರೆಂಟು ಬರುವುದು ರಾತ್ರಿ ಎರಡಕ್ಕೆ. ಬಂದ ಕೂಡಲೇ ಈರುಳ್ಳಿಗೆ ನೀರು ಬಿಡಬೇಕು. ಕಬ್ಬಿನೊಳಗೆ ಚಿರತೆ ಓಡಾಡುವ ಸೀಮೆ ಅದು, ಹಾಗಾಗಿ ಬೆಂಕಿ ಬಿಟ್ಟು ಏಳುವ ಹಾಗಿರಲಿಲ್ಲ. ನಾನು ನಿಪ್ಪಾಣಿ ಕಡೆಯವನು, ಮರಾಠಿ ಸಲೀಸು. ಅವರ ಮಾತನ್ನು ನಮ್ಮ ಕಡೆಯ ಕನ್ನಡದಲ್ಲೇ ಹೇಳುತ್ತೇನೆ, ನನ್ನ ಕಿವಿಯಲ್ಲಿ ಉಳಿದಿರುವುದೇ ಹಾಗೆ.

"ನಂದು ಎರಡಕ್ಕ. ನಿಮ್ದು ಯಾವಾಗ?" ಎಂದರು.

"ಒಂದೂಕಾಲಕ್ಕೆ, ಕಾಕಾ. ನಾವು ನೋಡೋದು ಇನ್ನೂ ಮೇಲೆ ಬಂದಿಲ್ಲ."

"ಆ ಡಿಶ್ ನಿಲ್ಲಿಸೋವಾಗಿಂದ ನೋಡಾಕತ್ತೀನಿ. ರಾತ್ರಿಯೆಲ್ಲ ತಿರಗತಾವ. ಏನು ಹುಡಕತೀರಿ ಅಂತ ಒಬ್ಬರೂ ನನಗ ತಿಳಿಯೋಹಂಗ ಹೇಳಿಲ್ಲ."

ಅಕ್ಕ ಬೆಂಕಿಯ ಹತ್ತಿರಕ್ಕೆ ಸರಿದು ಕೂತರು. ಹೇಳಲು ಅವರಿಗೂ ಆಸೆಯಿತ್ತು.

ಸುರುಳಿ ಗೆಲಾಕ್ಸಿಯ ಫೋಟೊ ನೀವೆಲ್ಲ ನೋಡಿದ್ದೀರಿ. ನಡುವೆ ಹಳದಿ ಬೆಳಕು, ಸುತ್ತ ನೀಲಿ ತೋಳುಗಳು. ಫೋಟೊದಲ್ಲಿ ಕಾಣುವುದು ಈಗಾಗಲೇ ಹುಟ್ಟಿದ ನಕ್ಷತ್ರಗಳು. ಮುಂದೆ ಹುಟ್ಟಬೇಕಾದವಕ್ಕೆ ಬೇಕಾದ ಸರಕು ಅನಿಲ, ಅದರಲ್ಲೂ ಹೆಚ್ಚಿನ ಪಾಲು ಹೈಡ್ರೋಜನ್. ಒಂಟಿ ಒಂಟಿ ಪರಮಾಣುಗಳಾಗಿ ಹರಡಿಕೊಂಡಿರುವ ಈ ಹೈಡ್ರೋಜನ್‌ಗೆ ನಮ್ಮಲ್ಲಿ ಎಚ್-ಒನ್ ಎನ್ನುತ್ತೇವೆ. ಅದು ಬಿಡಿಬಿಡಿಯಾಗಿ ತೇಲುತ್ತದೆ. ಒಂದು ಘನ ಸೆಂಟಿಮೀಟರಿಗೆ ಒಂದು ಪರಮಾಣುವಿನ ಲೆಕ್ಕ. ಅದು ದಟ್ಟವಾಗಿ, ಇನ್ನೂ ತಣ್ಣಗಾಗಿ, ಎರಡೆರಡು ಪರಮಾಣು ಸೇರಿ ಅಣುಗಳಾದ ಮೇಲೆ ಆ ಮೋಡಗಳು ಕುಸಿದು ನಕ್ಷತ್ರಗಳಾಗುತ್ತವೆ. ಎಚ್-ಒನ್ ಎಂದರೆ ಗೆಲಾಕ್ಸಿಯ ಉಗ್ರಾಣ. ಎಷ್ಟೋ ಸುರುಳಿ ಗೆಲಾಕ್ಸಿಗಳಲ್ಲಿ ನಕ್ಷತ್ರಗಳ ತಟ್ಟೆ ಮುಗಿದ ಮೇಲೂ ಇದು ಹೊರಗೆ ಹರಡಿರುತ್ತದೆ, ಕೆಲವು ಸಲ ಎರಡು ಪಟ್ಟು ದೂರದವರೆಗೆ. ಕಣ್ಣಿಗೆ ಮಾತ್ರ ಒಂದಿಷ್ಟೂ ಕಾಣುವುದಿಲ್ಲ.

ಕಾಣದ್ದನ್ನು ಹಿಡಿಯುವುದು ಹೇಗೆ? ಹೈಡ್ರೋಜನ್ ಪರಮಾಣುವಿನಲ್ಲಿ ಒಂದು ಪ್ರೋಟಾನು, ಒಂದು ಇಲೆಕ್ಟ್ರಾನು. ಎರಡಕ್ಕೂ ಸ್ಪಿನ್ ಎಂಬ ಗುಣವಿದೆ. ಎರಡೂ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಪರಮಾಣುವಿನ ಶಕ್ತಿ ತುಸುವೇ ತುಸು ಹೆಚ್ಚು. ಒಂದು ಮಗುಚಿ ಎದುರುಬದುರಾದರೆ ತುಸು ಕಡಿಮೆ. ಮಗುಚಿದ ಆ ಕ್ಷಣ ಉಳಿದ ಶಕ್ತಿ ರೇಡಿಯೊ ಅಲೆಯಾಗಿ ಹೊರಬೀಳುತ್ತದೆ. ಅಲೆಯ ಉದ್ದ 21 ಸೆಂಟಿಮೀಟರ್, ಕಂಪನ 1420 ಮೆಗಾಹರ್ಟ್ಸ್. ಆದರೆ ತನ್ನಷ್ಟಕ್ಕೆ ಬಿಟ್ಟರೆ ಒಂದು ಪರಮಾಣು ಹೀಗೆ ಮಗುಚಲು ಸರಾಸರಿ 1 ಕೋಟಿ 10 ಲಕ್ಷ ವರ್ಷ ಬೇಕು.

ಕಾಕಾ ಕೈ ಕಾಯಿಸುತ್ತಿದ್ದವರು ತಲೆಯೆತ್ತಿದರು. "ಕೋಟಿ ವರ್ಷಕ್ಕ ಒಮ್ಮೆ ಕೂಗೋದನ್ನ ಕೇಳಾಕ ನೀವು ಇವತ್ತ ರಾತ್ರಿ ಬಂದೀರಿ?"

"ಒಂದೇ ಇದ್ದಿದ್ದರೆ ಕೇಳಲಿಕ್ಕಾಗುತ್ತಿರಲಿಲ್ಲ ಕಾಕಾ," ಎಂದರು ಅಕ್ಕ. "ಆದರೆ ನಮ್ಮ ಆಕಾಶಗಂಗೆಯೊಂದರಲ್ಲೇ ಈ ಹೈಡ್ರೋಜನ್ ಸುಮಾರು 800 ಕೋಟಿ ಸೂರ್ಯರಷ್ಟು ತೂಗುತ್ತದೆ. ಅಷ್ಟರಲ್ಲಿ ಪ್ರತಿ ಕ್ಷಣವೂ ಎಲ್ಲೋ ಒಂದಷ್ಟು ಮಗುಚುತ್ತಲೇ ಇರುತ್ತವೆ."

ಆಮೇಲೆ ಅಕ್ಕ ಯುದ್ಧಕಾಲದ ಕಥೆಯೊಂದನ್ನು ತೆಗೆದರು. ಹಾಲೆಂಡು ಜರ್ಮನರ ವಶದಲ್ಲಿದ್ದಾಗಿನ ಮಾತು. ಲೈಡನ್ನಿನ ಖಗೋಳ ವಿಜ್ಞಾನಿ ಯಾನ್ ಓರ್ಟ್ ಅವರಿಗೆ ಒಂದು ಹಂಬಲವಿತ್ತು: ರೇಡಿಯೊ ಅಲೆಗಳಲ್ಲಿ ಒಂದು ಖಚಿತ ಗೆರೆ, ಅಂದರೆ ಒಂದೇ ನಿಗದಿತ ಉದ್ದದ ಅಲೆ, ಸಿಕ್ಕಿಬಿಟ್ಟರೆ ಆಕಾಶಗಂಗೆಯ ಧೂಳನ್ನು ದಾಟಿ ಅದರ ಆಚೆ ತುದಿಯವರೆಗೆ ಅಳೆಯಬಹುದು. ಅಂಥ ಗೆರೆ ಇರಬಹುದೇ ನೋಡು ಎಂದು ಹೆಂಡ್ರಿಕ್ ವಾನ್ ಡಿ ಹುಲ್ಸ್ಟ್ ಎಂಬ ವಿದ್ಯಾರ್ಥಿಗೆ ಹೇಳಿದರು. 1944ರ ಏಪ್ರಿಲ್‌ನಲ್ಲಿ ಸಭೆಯೊಂದರಲ್ಲಿ ಆತ ಎದ್ದು ನಿಂತು, ಇದೆ, 21 ಸೆಂಟಿಮೀಟರಿನಲ್ಲಿ ಇರಬೇಕು ಎಂದ. ವಯಸ್ಸು ಇಪ್ಪತ್ತೈದು. ಅದನ್ನು ಮೊದಲು ಹಿಡಿದದ್ದು ಮಾತ್ರ ಅಮೆರಿಕದಲ್ಲಿ, 1951ರ ಮಾರ್ಚ್ 25ರಂದು. ಹಾರ್ವರ್ಡಿನಲ್ಲಿ ಯೂವನ್ ಮತ್ತು ಪರ್ಸೆಲ್ ಪ್ಲೈವುಡ್ಡಿಗೆ ತಾಮ್ರದ ಹಾಳೆ ಹಚ್ಚಿದ ಕೊಳವೆಯೊಂದನ್ನು ಪ್ರಯೋಗಾಲಯದ ಕಿಟಕಿಯಿಂದ ಹೊರಚಾಚಿದ್ದರು. ಮಳೆ ಬಂದರೆ ನೀರು ಅದರೊಳಗಿಂದ ನೇರ ಕೋಣೆಗೆ. ಕೆಲವೇ ತಿಂಗಳುಗಳಲ್ಲಿ ಹಾಲೆಂಡಿನವರೂ ಆಸ್ಟ್ರೇಲಿಯಾದವರೂ ಅದೇ ಗೆರೆಯನ್ನು ಕಂಡರು. ಹಾಲೆಂಡಿನವರು ಬಳಸಿದ್ದು ಜರ್ಮನ್ ಸೈನ್ಯ ಬಿಟ್ಟುಹೋದ ರೇಡಾರ್ ಡಿಶ್. ವಿಮಾನ ಹೊಡೆಯಲು ಮಾಡಿದ್ದು ಹೀಗಾದರೂ ಬಳಕೆಗೆ ಬಂತಲ್ಲ ಎಂದು ಕಾಕಾಗೆ ಬಹಳ ಖುಷಿಯಾಯಿತು.

 

ಈಗ ಮುಖ್ಯ ಮಾತು. ಉಗ್ರಾಣ ಅಂದಿರಲ್ಲ, ಖರ್ಚೆಷ್ಟು ಎಂದು ಕೇಳಿದರು ಕಾಕಾ. ಅಕ್ಕ ಹೇಳಿದರು: ನಮ್ಮ ಆಕಾಶಗಂಗೆಯಲ್ಲಿ ಈಗ ವರ್ಷಕ್ಕೆ ಒಂದೋ ಎರಡೋ ಸೂರ್ಯರಷ್ಟು ಅನಿಲ ನಕ್ಷತ್ರವಾಗುತ್ತದೆ.

ಅವರು ಬೆರಳು ಮಡಚಿದರು. "ವರ್ಷಕ್ಕ ಎರಡು ಅಂದ್ರ, 800 ಕೋಟಿ ಅನ್ನೋದು 400 ಕೋಟಿ ವರ್ಷಕ್ಕ ಖಾಲಿ. ಗೆಲಾಕ್ಸಿಗೆ ವಯಸ್ಸೆಷ್ಟು?"

"ಸಾವಿರ ಕೋಟಿ ವರ್ಷದ ಮೇಲೆ. ಮೊದಮೊದಲು ಖರ್ಚು ಇನ್ನೂ ಹೆಚ್ಚಿತ್ತು."

"ಹಂಗಾದ್ರ ಬಾವಿ ಯಾವಾಗೋ ಬತ್ತಬೇಕಿತ್ತು. ಬತ್ತಿಲ್ಲ ಅಂದ್ರ ಒಳಗ ಸೆಲಿ ಐತಿ. ಆ ಸೆಲಿ ಎಲ್ಲಿಂದ ಬರತದ?"

ನನಗೆ ಮೈ ಜುಮ್ಮೆಂದಿತು. ಆ ವರ್ಷ ನಾನು ಓದಿದ್ದ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ಸುತ್ತುತ್ತಿದ್ದದ್ದು ಇದೇ ಪ್ರಶ್ನೆಯ ಸುತ್ತ. ನಾನು ಅಡ್ಡಮಾತು ಹಾಕಿದೆ. ಹುಟ್ಟುವಾಗಲೇ ಬಾವಿ ತುಂಬಾ ಆಳವಾಗಿ ತುಂಬಿದ್ದಿರಬಹುದಲ್ಲ, ಈಗ ಉಳಿದಿರುವುದು ಅದರ ತಳವಿರಬಹುದಲ್ಲ ಎಂದೆ. ಅಕ್ಕ ಅದಕ್ಕೂ ಉತ್ತರ ಕೊಟ್ಟರು. ಮೊದಲ ಅನಿಲದಲ್ಲಿ ಕಬ್ಬಿಣ, ಆಮ್ಲಜನಕದಂಥ ಭಾರದ ಧಾತುಗಳು ಇರಲಿಲ್ಲ. ನಕ್ಷತ್ರಗಳು ಹುಟ್ಟಿ ಸತ್ತ ಹಾಗೆ ಅವು ಬೆರೆಯುತ್ತ ಹೋದವು. ಇದ್ದ ಅನಿಲವೆಲ್ಲ ಮೊದಲೇ ತುಂಬಿದ್ದಿದ್ದರೆ, ಭಾರದ ಧಾತು ತೀರ ಕಡಿಮೆಯಿರುವ ಹಳೆಯ ಸಣ್ಣ ನಕ್ಷತ್ರಗಳು ಸೂರ್ಯನ ನೆರೆಯಲ್ಲಿ ಧಾರಾಳ ಸಿಗಬೇಕಿತ್ತು. ಸಣ್ಣ ನಕ್ಷತ್ರಗಳಿಗೆ ಆಯುಸ್ಸು ದೀರ್ಘ, ಎಲ್ಲೂ ಹೋಗಿರುವುದಿಲ್ಲ. ಹುಡುಕಿದರೆ ಅಂಥವು ಸಿಗುವುದು ಬೆರಳೆಣಿಕೆಯಷ್ಟು. ಎಂದರೆ ಅನಿಲ ಒಮ್ಮೆಗೇ ಬಂದದ್ದಲ್ಲ, ಕಾಲಕಾಲಕ್ಕೆ ಹೊರಗಿನಿಂದ ಬಂದು ಸೇರಿದೆ.

1963ರಲ್ಲಿ ಓರ್ಟ್ ಮತ್ತು ಅವರ ಸಂಗಡಿಗರು ಇನ್ನೊಂದನ್ನು ಕಂಡಿದ್ದರು: ಆಕಾಶಗಂಗೆಯ ತಟ್ಟೆಯ ಜೊತೆ ತಿರುಗದೆ, ತಟ್ಟೆಯ ಹೊರಗಿನಿಂದ ಭಾರಿ ವೇಗದಲ್ಲಿ ಬರುವ ಹೈಡ್ರೋಜನ್ ಮೋಡಗಳು. ಸೆಲೆಯ ಒಂದು ಎಳೆ ಅದು. ಆದರೆ ಕಂಡ ಮೋಡಗಳನ್ನೆಲ್ಲ ಕೂಡಿಸಿದರೂ ವರ್ಷದ ಖರ್ಚಿಗೆ ಸಾಲುವುದಿಲ್ಲ.

"ಮತ್ತ ಇವತ್ತ ನೋಡೋದು? ಅದರ ಬಾವಿ ಹೆಂಗೈತಿ?"

ಎಂ90ರ ಕಥೆ ಬೇರೆಯೇ. ಕನ್ಯಾ ರಾಶಿಯ ಆ ದಿಕ್ಕಿನಲ್ಲಿ, 5 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ, ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳ ದೊಡ್ಡ ಗುಚ್ಛವಿದೆ. ಗೆಲಾಕ್ಸಿಗಳ ನಡುವೆ ಖಾಲಿಯಲ್ಲ. ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ಅಲ್ಲಿ ತುಂಬಿದೆ, ಎಕ್ಸ್-ಕಿರಣಗಳಲ್ಲಿ ಹೊಳೆಯುತ್ತದೆ. ಇಡೀ ಗುಚ್ಛ ನಮ್ಮಿಂದ ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ದೂರ ಸರಿಯುತ್ತಿದೆ. ಎಂ90 ಮಾತ್ರ ಸೆಕೆಂಡಿಗೆ ಇನ್ನೂರು ಕಿಲೋಮೀಟರಿಗೂ ಮಿಗಿಲಾಗಿ ನಮ್ಮ ಕಡೆಗೆ ಬರುತ್ತಿದೆ! ಅಂದರೆ ಗುಚ್ಛದೊಳಗೆ ಅದು ಎಂಥ ರಭಸದಲ್ಲಿ ಓಡುತ್ತಿರಬೇಕು ನೋಡಿ. ಓಡುವವನ ಮುಖಕ್ಕೆ ಬಿಸಿ ಅನಿಲ ಗಾಳಿಯಾಗಿ ಬಡಿಯುತ್ತದೆ. ನಕ್ಷತ್ರಗಳಿಗೆ ಆ ಗಾಳಿ ತಾಕುವುದೇ ಇಲ್ಲ, ಅವು ಗಟ್ಟಿ ಮತ್ತು ಅಷ್ಟೇ ವಿರಳ. ಬಿಡಿಬಿಡಿಯಾಗಿ ಹರಡಿದ ಹೈಡ್ರೋಜನ್ ಮಾತ್ರ ಕಿತ್ತುಕೊಂಡು ಹಿಂದಕ್ಕೆ ಹೋಗುತ್ತದೆ, ಮೊದಲು ಅಂಚಿನದು, ಆಮೇಲೆ ಒಳಗಿನದು. ಗನ್ ಮತ್ತು ಗಾಟ್ ಎಂಬಿಬ್ಬರು 1972ರಲ್ಲೇ ಇದರ ಲೆಕ್ಕ ಹಾಕಿದ್ದರು. ಅಮೆರಿಕದ ವಿಎಲ್ಎ ದೂರದರ್ಶಕದ 1990ರ ನಕ್ಷೆಗಳಲ್ಲಿ ಕನ್ಯಾ ಗುಚ್ಛದ ನಡುವಿನ ಸುರುಳಿ ಗೆಲಾಕ್ಸಿಗಳ ಹೈಡ್ರೋಜನ್ ತಟ್ಟೆಗಳು ಸಣ್ಣಗೆ ಕತ್ತರಿಸಿಹೋಗಿದ್ದವು.

"ಅಂದ್ರ ಅದರ ನೀರು ಮೇಲಿಂದ ಮೇಲೆ ಯಾರೋ ಎತ್ತಿಕೊಂಡು ಹೋದ್ರು," ಎಂದರು ಕಾಕಾ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೆಲಿನೂ ಮುಚ್ಚಿ ಹೋಗಿರಬೇಕು. ಅಂಥ ಸುಡುಗಾಳಿಯೊಳಗ ಹೊಸಾ ನೀರು ಹೆಂಗ ಬರತದ?" ಎಂದರು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಗುಚ್ಛದ ಬಿಸಿಯಲ್ಲಿ ಹೊರಗಿನ ತಣ್ಣನೆಯ ಅನಿಲ ಗೆಲಾಕ್ಸಿಗೆ ಇಳಿದು ಬರಲಾರದು ಎಂಬುದು ಖಗೋಳ ವಿಜ್ಞಾನಿಗಳು ಬಹಳ ಗಂಭೀರವಾಗಿ ತೆಗೆದುಕೊಂಡಿರುವ ವಿಚಾರ. ಹೊಲಕ್ಕೆ ನೀರು ಹಾಯಿಸಿದವರಿಗೆ ಇದು ಒಂದು ಹೆಜ್ಜೆಯ ದೂರ.

ಒಂದು ಗಂಟೆಗೆ ನಾವು ಎದ್ದೆವು.

ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಡಿಶ್‌ಗಳನ್ನು ಮೊದಲು 3ಸಿ147 ಎಂಬ ಪ್ರಬಲ ರೇಡಿಯೊ ಮೂಲದ ಕಡೆ ತಿರುಗಿಸಿದರು. ಅದರ ಬಲ ಎಷ್ಟೆಂದು ಎಲ್ಲರಿಗೂ ಗೊತ್ತು, ಅದನ್ನು ನೋಡಿ ನಮ್ಮ ಅಳತೆಗೋಲು ಸರಿಮಾಡಿಕೊಳ್ಳುವುದು. ಪರದೆಯ ಮೇಲೆ ಫ್ರಿಂಜ್‌ಗಳು ಬಂದವು. ಎರಡೆರಡು ಡಿಶ್‌ಗಳು ಒಂದೇ ಅಲೆಯನ್ನು ಕೂಡಿ ಕೇಳಿದಾಗ ಮೂಡುವ ಏರಿಳಿತ ಅದು. ಮೂವತ್ತು ಡಿಶ್‌ಗಳಿಗೆ ಇಂಥ ಜೋಡಿಗಳು 435. ಆಮೇಲೆ ಕನ್ಯಾ ಕಡೆಗೆ. ಎಂ90 ನಮ್ಮತ್ತ ಬರುತ್ತಿರುವುದರಿಂದ ಅದರ ಗೆರೆ 1420ರ ಮೇಲೆ, 1421.5 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬೀಳುತ್ತದೆ. ಆ ಆಸುಪಾಸಿನ ಪಟ್ಟಿಯನ್ನು 128 ಚಾನೆಲ್‌ಗಳಾಗಿ ಸೀಳಿ ದಾಖಲಿಸುವುದು. ಸ್ವಲ್ಪ ಹೊತ್ತು ಗೆಲಾಕ್ಸಿ, ಮತ್ತೆ ಅಳತೆ ಸರಿನೋಡಲು ಹತ್ತಿರದ ಇನ್ನೊಂದು ಮೂಲ (ಕ್ಯಾಲಿಬ್ರೇಟರ್), ಮತ್ತೆ ಗೆಲಾಕ್ಸಿ. ಎರಡು ಡಿಗ್ರಿಯೂ ಆಚೆಗಿಲ್ಲದ ಎಂ87 ಭಾರಿ ರೇಡಿಯೊ ಮೂಲ; ಅದರ ಅಬ್ಬರ ಓರೆಯಿಂದ ನುಗ್ಗಿ ಪ್ರತಿ ಚಾನೆಲ್ಲಿಗೂ ಕಲೆ ಹಚ್ಚುತ್ತಿತ್ತು. ಹದಿನೈದು-ಹದಿನಾರು ವರ್ಷಗಳ ನಂತರ, 2019ರಲ್ಲಿ, ಕಪ್ಪುರಂಧ್ರದ ಮೊದಲ ಚಿತ್ರವೆಂದು ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂದದ್ದು ಅದೇ ಎಂ87ರ ಒಡಲಿನದು.

ಎರಡು ಗಂಟೆಗೆ ದೂರದಲ್ಲಿ ಪಂಪ್‌ಸೆಟ್ಟು ಶುರುವಾದ ಸದ್ದು ಕೇಳಿತು. ಬೆಳಗಿನವರೆಗೂ ಅವರು ನೀರು ಹಾಯಿಸಿದರು, ನಾವು ದಾಖಲಿಸಿದೆವು.

ರಾತ್ರಿ ಏನನ್ನೂ "ಕಾಣುವುದಿಲ್ಲ" ಎಂಬುದನ್ನು ಹೇಳಿಬಿಡಬೇಕು. ಕಾಣುವುದು ತಿಂಗಳುಗಳ ಮೇಲೆ, ಬೆಂಗಳೂರಿನ ಕಂಪ್ಯೂಟರ್ ಕೋಣೆಯಲ್ಲಿ. ಕೆಟ್ಟ ಜೋಡಿಗಳನ್ನು, ಮೊಬೈಲ್ ಸದ್ದು ಬೆರೆತ ನಿಮಿಷಗಳನ್ನು ಒಂದೊಂದಾಗಿ ಫ್ಲ್ಯಾಗ್ ಮಾಡಿ ತೆಗೆಯಬೇಕು, ಎಂ87 ಅನ್ನು ಕಳೆಯಬೇಕು, ಗೆರೆಯಲ್ಲದ ಬೆಳಕನ್ನೆಲ್ಲ ಕಳೆಯಬೇಕು. ಒಂದು ಮಧ್ಯಾಹ್ನ ನಕ್ಷೆ ಬಂತು. ಹಳೆಯ ಫೋಟೊದ ಮೇಲೆ ನಮ್ಮ ಹೈಡ್ರೋಜನ್ ಗೆರೆಗಳನ್ನು ಹಾಕಿ ನೋಡಿದೆವು. ವಿಎಲ್ಎ ನಕ್ಷೆಯಲ್ಲಿದ್ದದ್ದೇ ಇಲ್ಲೂ: ನಕ್ಷತ್ರಗಳ ತಟ್ಟೆ ಅಗಲವಾಗಿ ಹರಡಿದೆ, ಹೈಡ್ರೋಜನ್ ಮಾತ್ರ ನಡುವಿನ ಮೂರನೇ ಒಂದು ಭಾಗದಲ್ಲಿ ಮುದುರಿ ಕೂತಿದೆ. ಅಂಥ ಗಾತ್ರದ ಸುರುಳಿಯಲ್ಲಿ ಇರಬೇಕಾದುದರ ಹತ್ತರಲ್ಲೊಂದು ಪಾಲೂ ಉಳಿದಿಲ್ಲ. ಹೊರಗಿನ ತೋಳುಗಳಲ್ಲಿ ಎಳೆಯ ನೀಲಿ ನಕ್ಷತ್ರಗಳಿಲ್ಲ, ಹಳೆಯವು ನಯವಾಗಿ ಹರಡಿಕೊಂಡಿವೆ. ಹೊಸ ಸಂಗತಿಯಲ್ಲ, ನಿಜ. ಆದರೆ ನಮ್ಮ ನೆಲದ ಡಿಶ್‌ಗಳಿಂದ, ನಮ್ಮ ಕೈಯಾರೆ ಕಂಡಾಗ ಆದ ಸಂತೋಷ ನನಗೆ ಬೇರಾವುದರಲ್ಲೂ ಸಿಕ್ಕಿಲ್ಲ. ಕಿತ್ತುಹೋದ ಅನಿಲ ಎಲ್ಲಿ ಹೋಯಿತೆಂಬುದು 2016ರಲ್ಲಿ ತಿಳಿಯಿತು. ಹವಾಯಿಯ ದೂರದರ್ಶಕವೊಂದರಿಂದ ತೆಗೆದ ಚಿತ್ರಗಳಲ್ಲಿ ಎಂ90ರ ಹಿಂದೆ ಎರಡೂವರೆ ಲಕ್ಷ ಜ್ಯೋತಿರ್ವರ್ಷ ಉದ್ದದ ಬಾಲ ಕಂಡಿತು, ಬಿಸಿಯಲ್ಲಿ ಇಲೆಕ್ಟ್ರಾನು ಕಳಚಿಕೊಂಡ ಹೈಡ್ರೋಜನ್‌ನದು.

ಕಾಕಾ ಕೇಳಿದ ಸೆಲೆಯ ಪ್ರಶ್ನೆಗೆ ಉತ್ತರ ಇನ್ನೂ ನಿಧಾನವಾಗಿ ಬಂತು, ಬಂದದ್ದು ಅದೇ ಖೋಡದ್‌ನಿಂದ. ಬ್ರಹ್ಮಾಂಡದಲ್ಲಿ ನಕ್ಷತ್ರಗಳು ಹುಟ್ಟುವ ವೇಗ ಸುಮಾರು 1000 ಕೋಟಿ ವರ್ಷಗಳ ಹಿಂದೆ ತುತ್ತತುದಿಯಲ್ಲಿದ್ದು, ಆಮೇಲೆ ಹತ್ತು ಪಟ್ಟು ಇಳಿದಿದೆ. ಏಕೆಂದು ತಿಳಿಯಬೇಕಾದರೆ ಆ ಕಾಲದ ಉಗ್ರಾಣವನ್ನು ಅಳೆಯಬೇಕು. 800 ಕೋಟಿ ವರ್ಷಗಳ ಹಿಂದಿನ ಒಂದೊಂದು ಗೆಲಾಕ್ಸಿಯ 21 ಸೆಂಟಿಮೀಟರ್ ಗೆರೆ ನಮ್ಮನ್ನು ಮುಟ್ಟುವಷ್ಟರಲ್ಲಿ 42 ಸೆಂಟಿಮೀಟರಿಗೆ ಹಿಗ್ಗಿ, ಸದ್ದಿನಲ್ಲಿ ಮುಳುಗಿ ಹೋಗಿರುತ್ತದೆ. ಆಗ ಮಾಡಿದ ಉಪಾಯ ಇದು: ದೂರ ಮೊದಲೇ ಗೊತ್ತಿದ್ದ 7,653 ಗೆಲಾಕ್ಸಿಗಳ ಕ್ಷೀಣ ಸಂಕೇತಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯುವುದು. ಪುಣೆಯ ಆದಿತ್ಯ ಚೌಧುರಿ, ನಿಸ್ಸೀಮ್ ಕಾನೇಕರ್, ಜಯರಾಮ್ ಚೆಂಗಲೂರ್ ಹಾಗೂ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವ್ ಸೇಠಿ, ಕೆ.ಎಸ್. ದ್ವಾರಕಾನಾಥ್ ಅದನ್ನು ಮಾಡಿದರು. 2020ರ ಅಕ್ಟೋಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅದಕ್ಕೆ ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 7ರಂದು, ಗೋವಿಂದ ಸ್ವರೂಪ್ ತೀರಿಕೊಂಡಿದ್ದರು. ದೂರದ ಹೈಡ್ರೋಜನ್ ಕಾಣಬೇಕೆಂದೇ ಆ ದೂರದರ್ಶಕದ ಕನಸು ಕಂಡವರು ಅವರು. ಆ ಪುಟಗಳನ್ನು ಅವರ ಕೈಗೆ ಕೊಡಲಾಗಲಿಲ್ಲವಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಸಿಕ್ಕ ಲೆಕ್ಕ ಹೀಗಿದೆ. 800 ಕೋಟಿ ವರ್ಷಗಳ ಹಿಂದಿನ ಗೆಲಾಕ್ಸಿಗಳಲ್ಲಿ ಪರಮಾಣು ಹೈಡ್ರೋಜನ್ ಬೇಕಾದಷ್ಟಿತ್ತು, ಆದರೆ ಖರ್ಚು ಎಷ್ಟು ಜೋರಾಗಿತ್ತೆಂದರೆ ಇದ್ದದ್ದು ನೂರರಿಂದ ಇನ್ನೂರು ಕೋಟಿ ವರ್ಷಕ್ಕೆ ಮುಗಿಯುವಂತಿತ್ತು. ಹೊರಗಿನಿಂದ ಬರುವ ಅನಿಲ ಆ ಖರ್ಚಿಗೆ ಸಮವಾಗಿ ಬಂದಿದ್ದರೆ ನಕ್ಷತ್ರಗಳ ಹುಟ್ಟು ಹಾಗೇ ಮುಂದುವರಿಯುತ್ತಿತ್ತು. ಬರಲಿಲ್ಲ, ಇಳಿಯಿತು. ಅದೇ ತಂಡದ ಮುಂದಿನ ಅಳತೆಗಳಲ್ಲಿ ಇನ್ನೂ ತುಸು ಹಿಂದಕ್ಕೆ ಹೋದಾಗ, ಸುಮಾರು ನೂರು ಕೋಟಿ ವರ್ಷದೊಳಗೆ ಸರಾಸರಿ ಗೆಲಾಕ್ಸಿಯ ಹೈಡ್ರೋಜನ್ ಮೂರು ಪಟ್ಟು ಕುಸಿದದ್ದು ಕಂಡಿತು. ಸೆಲೆ ಸೊರಗಿದ ಕಾಲವನ್ನು ಮನುಷ್ಯರು ಮೊದಲ ಸಲ ಅಳೆದದ್ದು ಆ ಈರುಳ್ಳಿ ಹೊಲದ ಪಕ್ಕದಿಂದ.

ನಮ್ಮ ಆಕಾಶಗಂಗೆಯ ಗತಿಯೇನು ಎಂದು ನೀವು ಕೇಳಬಹುದು. ಅದು ಯಾವ ದೊಡ್ಡ ಗುಚ್ಛದ ಬಿಸಿಯಲ್ಲೂ ಸಿಕ್ಕಿಕೊಂಡಿಲ್ಲ, ಅದರ ಮೇಲೆ ಇನ್ನೂ ಸುರಿಯುತ್ತಿದೆ. ಗರುಡ ನಕ್ಷತ್ರಪುಂಜದ ದಿಕ್ಕಿನಲ್ಲಿ ಒಂದು ಹೈಡ್ರೋಜನ್ ಮೋಡವಿದೆ, 1963ರಲ್ಲಿ ಗೇಲ್ ಸ್ಮಿತ್ ಎಂಬ ವಿದ್ಯಾರ್ಥಿನಿ ಲೈಡನ್ನಿನಲ್ಲಿ ಓದುತ್ತಿದ್ದಾಗ ಕಂಡದ್ದು. ಅವಳ ಹೆಸರಿನಲ್ಲೇ ಸ್ಮಿತ್ ಮೋಡ ಎನ್ನುತ್ತಾರೆ. ಉದ್ದ ಹತ್ತು ಸಾವಿರ ಜ್ಯೋತಿರ್ವರ್ಷದ ಹತ್ತಿರ. ಕಣ್ಣಿಗೆ ರೇಡಿಯೊ ಅಲೆ ಕಾಣುವಂತಿದ್ದರೆ ಹುಣ್ಣಿಮೆ ಚಂದ್ರನ ಇಪ್ಪತ್ತು ಪಟ್ಟು ಉದ್ದಕ್ಕೆ ಚಾಚಿಕೊಂಡಿರುತ್ತಿತ್ತು. ಸುಮಾರು 3 ಕೋಟಿ ವರ್ಷಗಳಲ್ಲಿ ಅದು ಆಕಾಶಗಂಗೆಯ ತಟ್ಟೆಗೆ ಬಂದು ಬೀಳುತ್ತದೆ, ಇಪ್ಪತ್ತು ಲಕ್ಷ ಸೂರ್ಯರಿಗೆ ಸಾಲುವಷ್ಟು ಅನಿಲ ಹೊತ್ತು. 2016ರಲ್ಲಿ ಹಬಲ್ ದೂರದರ್ಶಕದಿಂದ ಅದರೊಳಗಿನ ಗಂಧಕವನ್ನು ಅಳೆದರು: ಸೂರ್ಯನಲ್ಲಿರುವುದರ ಅರ್ಧದಷ್ಟು. ಹೊರಗಿನ ಬೆರಕೆಯಿಲ್ಲದ ಅನಿಲದಲ್ಲಿ ಅಷ್ಟು ಗಂಧಕ ಇರುವುದಿಲ್ಲ, ಅದು ನಮ್ಮದೇ ತಟ್ಟೆಯ ಹೊರ ಅಂಚಿನ ಅಳತೆ. ಯಾವುದೋ ಕಾಲದಲ್ಲಿ ಇಲ್ಲಿಂದಲೇ ಮೇಲೆದ್ದು ಹೋದ ಅನಿಲ ಹೊಸ ಹೈಡ್ರೋಜನ್ ಅನ್ನೂ ಸೇರಿಸಿಕೊಂಡು ಈಗ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಹಿಂದಿರುಗುತ್ತಿದೆ.